ಹಲ್ಲಣ್ಣನ ಜೀವದ ಕಲ್ಲು

ಎದುರಿಗೆ ಕೂತವರು ಒಮ್ಮೆ ಬಾಯಿ ತೆರೆದು ನಕ್ಕರೆ ಸಾಕು, ಅವರ ವಯಸ್ಸೆಷ್ಟು, ಯಾವ ಕಡೆಯಿಂದ ಅಗಿಯುತ್ತಾರೆ, ಸಿಟ್ಟು ಬಂದಾಗ ಹಲ್ಲು ಕಡಿಯುವ ಚಾಳಿ ಇದೆಯೋ ಇಲ್ಲವೋ, ಎಲ್ಲವನ್ನೂ ಹೇಳಿಬಿಡುವ ಮನುಷ್ಯನೊಬ್ಬನಿದ್ದ. ಬೀದಿಯವರ ಬಾಯಲ್ಲಿ ಅವನು ಹಲ್ಲಣ್ಣ. ಹಾಗಂತ ಅವನೇನು ಡಾಕ್ಟರಲ್ಲ. ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಹಿಂದೆ, ಮೆಟ್ಟಿಲ ಕೆಳಗಿನ ಜಾಗಕ್ಕೆ ಬಾಗಿಲು ಕೂರಿಸಿ ಮಾಡಿದ ಕೋಣೆಯಲ್ಲಿ, ಹಲ್ಲಿಲ್ಲದವರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವವನು. ಮೂವತ್ತೊಂದು ವರ್ಷದಿಂದ ಅದೇ ಕೋಣೆ, ಅದೇ ಎತ್ತರದ ಸ್ಟೂಲು, ತಲೆ ಎತ್ತಿದರೆ ನೆತ್ತಿಗೆ ತಾಗುವ ಅದೇ ಮೆಟ್ಟಿಲು. ಮೇಲೆ ಯಾರಾದರೂ ಹತ್ತಿದರೆ ಇವನ ಮೇಜಿನ ಮೇಲೆ ಸುಣ್ಣದ ಪುಡಿ ಉದುರುತ್ತಿತ್ತು.

ಆ ಕೆಲಸದಲ್ಲಿ ಅವನಿಗೊಂದು ಗುಟ್ಟಿತ್ತು. ಹೊಸದಾಗಿ ಕಲಿತವರು ಸೆಟ್ಟಿನ ಒಂದು ಸಾಲಿನ ಹದಿನಾಲ್ಕು ಹಲ್ಲನ್ನೂ ದಾರ ಹಿಡಿದ ಹಾಗೆ ಸಾಲಾಗಿ ನಿಲ್ಲಿಸುತ್ತಾರೆ. "ಅದು ಪರೇಡು ಆಗುತ್ತೆ, ಬಾಯಿ ಆಗಲ್ಲ" ಅನ್ನುತ್ತಿದ್ದ ಹಲ್ಲಣ್ಣ. ಅವನು ಒಂದು ಹಲ್ಲನ್ನು ಬೇಕಂತಲೇ ಕೊಂಚ ತಿರುಗಿಸುತ್ತಿದ್ದ. ಇಲ್ಲವೇ ಒಂದರ ತುದಿಯನ್ನು ಸವೆಸುತ್ತಿದ್ದ. ಎಲ್ಲೋ ಒಂದು ಕಡೆ ಒಂದು ತಪ್ಪು. ಆ ಒಂದು ತಪ್ಪಿನಿಂದಲೇ ನೋಡಿದವರ ಕಣ್ಣು ಮಿಕ್ಕ ಹದಿಮೂರನ್ನೂ ನಿಜವೆಂದು ನಂಬುತ್ತಿತ್ತು.

ಈ ಗುಟ್ಟನ್ನು ಅವನು ಒಬ್ಬನಿಗೆ ಮಾತ್ರ ಹೇಳಿದ್ದ. ಆ ಒಬ್ಬನೇ ಕ್ಯಾಪ್ಟನ್.

ಕ್ಯಾಪ್ಟನ್ ಅಂದರೆ ಹಡಗಿನ ಕ್ಯಾಪ್ಟನ್ ಏನಲ್ಲ. ಹಡಗೊಂದರ ಅಡುಗೆಮನೆಯಲ್ಲಿ ಒಂಬತ್ತು ವರ್ಷ ಪಾತ್ರೆ ಉಜ್ಜಿ, ಬೆನ್ನು ನೋವು ಹತ್ತಿಸಿಕೊಂಡು ನೆಲಕ್ಕಿಳಿದವನು. ಕ್ಲಿನಿಕ್ಕಿನ ಬೀದಿಯ ಕೊನೆಯಲ್ಲಿ ಅಲಂಕಾರದ ಮೀನಿನ ಅಂಗಡಿ ಇಟ್ಟಿದ್ದ. ಮಾತು ಮಾತ್ರ ಕ್ಯಾಪ್ಟನ್ನದೇ. "ನಾವು ಹವಳದ ದಿಬ್ಬದ ಹತ್ತಿರ ಲಂಗರು ಹಾಕಿದಾಗ..." ಅಂತ ಶುರು ಮಾಡಿದರೆ ಎದುರಿಗಿದ್ದವರ ಟೀ ತಣ್ಣಗಾಗುತ್ತಿತ್ತು. ಹತ್ತು ವರ್ಷದಿಂದ ಹಲ್ಲಣ್ಣನೂ ಅವನೂ ದಿನಾ ಸಂಜೆ ಮೂಲೆಯ ಟೀ ಅಂಗಡಿಯ ಮುಂದೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಆರು ವರ್ಷದ ಹಿಂದೆ ಕ್ಯಾಪ್ಟನ್ನನ ಒಸಡು ಕೆಟ್ಟು ಒಂದೊಂದೇ ಹಲ್ಲು ಕೈಕೊಟ್ಟಾಗ, ಅವನು ಅಂಗಡಿಗೆ ಬಾಗಿಲು ಹಾಕಿ ಮನೆಯಲ್ಲಿ ಕೂತುಬಿಟ್ಟ. ಬಾಯಿ ಹೋದರೆ ಕ್ಯಾಪ್ಟನ್ ಹೋದ ಹಾಗೆ. ಹಲ್ಲಣ್ಣ ಹನ್ನೊಂದು ದಿನ ಕೂತು ಅವನಿಗೊಂದು ಸೆಟ್ಟು ಮಾಡಿದ. ಮೇಲಿನ ಸಾಲಿನ ಎಡಗಡೆ ಎರಡನೇ ಹಲ್ಲನ್ನು, ಪಕ್ಕದವನ ಕಾಲು ತುಳಿದು ನಿಂತವನ ಹಾಗೆ, ಒಂಚೂರು ತಿರುಗಿಸಿ ಕೂರಿಸಿದ. ಕ್ಯಾಪ್ಟನ್ ಬೀದಿಗೆ ಬಂದು ನಕ್ಕ. ಒಬ್ಬರಿಗಾದರೂ ಅನುಮಾನ ಬರಬೇಕಲ್ಲ! ಟೀ ಅಂಗಡಿಯವನಂತೂ, "ಹಲ್ಲುನೋವು ವಾಸಿ ಆಯ್ತಾ ಕ್ಯಾಪ್ಟನ್?" ಅಂತ ಕೇಳಿದ. ಆವತ್ತು ಬೆಂಚಿನ ಮೇಲೆ ಇಬ್ಬರೂ ಮೊಣಕೈಯಲ್ಲಿ ತಿವಿದುಕೊಂಡು ನಕ್ಕಿದ್ದೇ ನಕ್ಕಿದ್ದು.

ಹಲ್ಲಣ್ಣ ಸಮುದ್ರ ನೋಡಿದವನಲ್ಲ. ಒಂದು ದಿನ ದೊಡ್ಡ ಆಸ್ಪತ್ರೆಗೆ ಸೆಟ್ಟು ಕೊಡಲು ಹೋದಾಗ, ಕಾಯುವ ಕೋಣೆಯ ಗೋಡೆಯಲ್ಲಿ ಒಂದು ಗಾಜಿನ ತೊಟ್ಟಿ ಕಂಡ. ಉಪ್ಪುನೀರಿನದು. ಒಳಗೆ ಗುಲಾಬಿ, ನೇರಳೆ ಬಣ್ಣ ಅಡರಿದ ಕಲ್ಲು, ಅದರ ತೂತುಗಳಿಂದ ಇಣುಕುವ ಸಣ್ಣ ಹುಳುಗಳು, ಬಿಳಿ ಪಟ್ಟೆ ಸುತ್ತಿಕೊಂಡ ಎರಡು ಕಿತ್ತಳೆ ಮೀನು. ರಸೀದಿ ತಗೊಳ್ಳಲು ಕೂಗಿದರೂ ಅವನಿಗೆ ಕೇಳಿಸಲಿಲ್ಲ. ಮನೆಗೆ ಬಂದವನೇ ಹೆಂಡತಿಗೆ ಹೇಳಿದ: "ಮೂವತ್ತೊಂದು ವರ್ಷದಿಂದ ಬದುಕಿರೋ ಥರ ಕಾಣೋ ವಸ್ತು ಮಾಡ್ತಾ ಬಂದೆ ಕಣೇ. ಒಂದು ಸಲ, ನಿಜವಾಗಲೂ ಬದುಕಿರೋದನ್ನ ಇಟ್ಕೋಬೇಕು ಅನ್ಸಿದೆ."

"ಇಡೋದೆಲ್ಲಿ? ನನ್ನ ತಲೆ ಮೇಲಾ?" ಅಂದಳು ಹೆಂಡತಿ.

ಅವಳ ಪ್ರಶ್ನೆ ಸರಿಯಾದದ್ದೇ. ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಅಷ್ಟೇ ಅವರ ಮನೆ. ಕೋಣೆಯಲ್ಲಿ ಮಂಚ, ಬೀರು, ಹೆಂಡತಿಯ ತಾಯಿಯ ಮಡಚುವ ಮಂಚ. ಉಳಿದದ್ದು ಕಿಟಕಿಯ ಪಕ್ಕದ ಎರಡಡಿ ಮೂಲೆ. ಅಲ್ಲಿ ಹೆಂಡತಿಯ ಹೊಲಿಗೆ ಮಿಷನ್ನಿತ್ತು. ಇಡೀ ಮನೆಗೆ ಬೆಳಕು ಬೀಳುವುದು ಆ ಕಿಟಕಿಯಿಂದಲೇ. ಶಾಲೆ ಶುರುವಾಗುವ ಮುಂಚೆ ಅವಳಿಗೆ ಯೂನಿಫಾರಂ ಹೊಲಿಯುವ ಕೆಲಸ ರಾಶಿ ರಾಶಿಯಾಗಿ ಬರುತ್ತಿತ್ತು.

ಎರಡು ದಿನ ಅವಳು ಆ ಮೂಲೆಯನ್ನೂ ಅಡುಗೆಮನೆಯನ್ನೂ ಕಣ್ಣಲ್ಲೇ ಅಳೆದಳು. ಮೂರನೇ ದಿನ ಮಿಷನ್ನಿನ ಮೇಲಿನ ಬಟ್ಟೆ ಜಾಡಿಸುತ್ತಾ ಹೇಳಿದಳು: "ನೋಡ್ರೀ, ಯೂನಿಫಾರಂ ಕೆಲಸ ಬರೋಕೆ ಇನ್ನು ಮೂರು ತಿಂಗಳಿದೆ. ಅಲ್ಲೀವರೆಗೆ ಮಿಷನ್ ಅಡುಗೆಮನೇಲಿ ಇಟ್ಕೋತೀನಿ. ಅಷ್ಟರೊಳಗೆ ನಿಮ್ಮ ತೊಟ್ಟೀಲಿ ಮೀನು ಬದುಕಿ ಓಡಾಡ್ತಿದ್ರೆ ಈ ಕಿಟಕಿ ನಿಮ್ಮದು. ನಾನು ಬಲ್ಬಿನ ಕೆಳಗೇ ಹೊಲೀತೀನಿ, ಒಂದು ಮಾತೂ ಆಡಲ್ಲ. ಬದುಕಿಲ್ಲ ಅಂದ್ರೆ ನನ್ನ ಕಿಟಕಿ ನನಗೆ ವಾಪಸ್ಸು. ಆಮೇಲೆ ಮುಖ ಊದಿಸ್ಕೊಂಡು ಕೂರಬಾರದು."

"ಒಪ್ಪಿದೆ."

"ಅಳಿಯಂದಿರು ಒಪ್ಪಿದ್ರು" ಅಂದರು ಮಂಚದ ಮೇಲಿಂದ ಅತ್ತೆ. ಅಳಿಯನೇ ಮಾಡಿಕೊಟ್ಟ ಹಲ್ಲಿನ ಸೆಟ್ಟನ್ನು ಅವರು ಬಾಯಿಗಿಂತ ಹೆಚ್ಚಾಗಿ ತಲೆದಿಂಬಿನ ಪಕ್ಕದ ನೀರಿನ ಲೋಟದಲ್ಲೇ ಇಡುತ್ತಿದ್ದರು. "ನನ್ನ ಲೋಟದ ಜೊತೆ ಇನ್ನೊಂದು ದೊಡ್ಡ ಲೋಟ ಬಂತು ಅಂದ್ಕೋತೀನಿ, ಬಿಡಿ."

ಹಲ್ಲಣ್ಣ ಓಡಿದ್ದು ಕ್ಯಾಪ್ಟನ್ ಹತ್ತಿರ. ಕ್ಯಾಪ್ಟನ್ ಗಲ್ಲ ಉಜ್ಜಿಕೊಂಡ. "ಸಣ್ಣ ತೊಟ್ಟಿ ಅಂದ್ರೆ ಸುಲಭ ಅಂದ್ಕೋಬೇಡ. ದೊಡ್ಡ ನೀರು ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳುತ್ತೆ. ಸಣ್ಣ ನೀರು ಒಂದನ್ನೂ ಬಿಡಲ್ಲ. ಆದ್ರೆ ನಿನ್ನ ಕೈ ಲೆಕ್ಕದ ಕೈ, ಮಾಡ್ತೀಯ. ಮುಖ್ಯ ಏನು ಗೊತ್ತಾ? ಕಲ್ಲು. ಸಮುದ್ರದ ಜೀವಂತ ಕಲ್ಲು. ಮೀನಿನ ಹೊಲಸು ನೀರಲ್ಲಿ ವಿಷ ಆಗುತ್ತಲ್ಲ, ಅದನ್ನ ತಿಂದು ಹಾಕೋ ಕಣ್ಣಿಗೆ ಕಾಣದ ಜೀವಗಳು ಆ ಕಲ್ಲೊಳಗೆ ಸಂಸಾರ ಮಾಡ್ತಿರ್ತವೆ. ಕಲ್ಲಿಲ್ಲದ ತೊಟ್ಟಿ ಬರೀ ಉಪ್ಪಿನ ಸಾರು."

"ಕಲ್ಲು ಎಲ್ಲಿ ಸಿಗುತ್ತೆ?"

"ನಾನಿಲ್ವಾ?"

ಕಲ್ಲು ಬರುವವರೆಗೆ ಹಲ್ಲಣ್ಣ ಮಿಕ್ಕದ್ದನ್ನೆಲ್ಲ ಸಜ್ಜು ಮಾಡಿದ. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ ತಂದ. ಅದರ ಕೆಳಗೆ ಪ್ಲೈವುಡ್ಡು, ಪ್ಲೈವುಡ್ಡಿನ ಮೇಲೆ ಥರ್ಮಾಕೋಲ್. ಬಿಸಿಲು ಬಿದ್ದು ನೀರು ಕಾಯಬಾರದೆಂದು ಕಿಟಕಿಗೆ ದಪ್ಪ ಬಟ್ಟೆ ಕಟ್ಟಿದ. "ಬೆಳಕು ನನಗೂ ಇಲ್ಲ, ನಿಮಗೂ ಇಲ್ಲ. ಚೆನ್ನಾಗಿದೆ ವ್ಯಾಪಾರ" ಅಂದಳು ಅಡುಗೆಮನೆಯಿಂದ ಹೆಂಡತಿ. ಕೆಲಸದ ಕೋಣೆಯಿಂದ ಭಟ್ಟಿ ಇಳಿಸಿದ ನೀರನ್ನು ಕ್ಯಾನಿನಲ್ಲಿ ಹೊತ್ತು ತಂದು, ಬಕೆಟ್ಟಿನಲ್ಲಿ ಸಮುದ್ರದ ಉಪ್ಪು ಕಲಸಿ, ಸಣ್ಣ ಪಂಪು ಹಾಕಿ ಇಡೀ ದಿನ ತಿರುಗಿಸಿದ. ಪುಡಿ ಎಷ್ಟು, ನೀರು ಎಷ್ಟು ಅನ್ನುವುದು ಅವನಿಗೆ ರಕ್ತದಲ್ಲೇ ಬಂದಿತ್ತು. ಉಪ್ಪಿನ ಮಾಪಕದ ಮುಳ್ಳು ಮೊದಲ ಸಲವೇ ಸರಿಯಾದ ಗೆರೆಯ ಮೇಲೆ ನಿಂತಿತು. ನೀರು ಆವಿಯಾಗಿ ಇಳಿದರೆ ಉಪ್ಪುನೀರು ಹಾಕಬಾರದು, ಸಿಹಿನೀರನ್ನೇ ತುಂಬಬೇಕು, ಏಕೆಂದರೆ ನೀರು ಹೋದರೂ ಉಪ್ಪು ಅಲ್ಲೇ ಉಳಿದಿರುತ್ತದೆ ಎಂದು ಅತ್ತೆಗೆ ವಿವರಿಸಿದ.

"ನನ್ನ ಗಂಡನ ಸಿಟ್ಟಿನ ಥರ" ಅಂದರು ಅತ್ತೆ.

ಮೂರನೇ ವಾರ ಕಲ್ಲು ಬಂತು. ಕ್ಯಾಪ್ಟನ್ ಅದನ್ನು ಒದ್ದೆ ಕಾಗದದಲ್ಲಿ ಸುತ್ತಿ, ಬಕೆಟ್ಟಿನಲ್ಲಿಟ್ಟುಕೊಂಡು, ಮೂರು ಮಹಡಿ ತಾನೇ ಹತ್ತಿ ಬಂದ. ಎಂಟು ಕಿಲೋ ತೂಕ. ಮೈಯೆಲ್ಲ ಗುಲಾಬಿ ಹೊದಿಕೆ. ಅಲ್ಲಲ್ಲಿ ಹುಳ ಕೊರೆದಂಥ ತೂತು. ಒಂದು ಬದಿಯಲ್ಲಿ ಒಡೆದ ಚಿಪ್ಪೊಂದು ಅರ್ಧ ಹೂತುಕೊಂಡಿತ್ತು. ಹಲ್ಲಣ್ಣನ ಕಣ್ಣು ನಿಂತದ್ದು ಆ ಒಡೆದ ಚಿಪ್ಪಿನ ಮೇಲೆ. ಅಂದವಾದ ಚಿಪ್ಪಾಗಿದ್ದರೆ ಅವನು ಅನುಮಾನಪಡುತ್ತಿದ್ದನೋ ಏನೋ. ಒಡೆದದ್ದು, ವಕ್ರವಾಗಿ ಕೂತದ್ದು, ಯಾರಿಗೂ ಬೇಡವಾದದ್ದು! ಸಮುದ್ರ ತಾನಾಗಿ ಮಾಡಿದ ತಪ್ಪು ಅದು ಅಂತ ಅವನ ಎದೆ ತುಂಬಿಬಂತು.

"ಒಂದು ಮಾತು ನೆನಪಿಟ್ಕೋ" ಅಂದ ಕ್ಯಾಪ್ಟನ್, ಆ ತಿರುಗಿದ ಹಲ್ಲು ಕಾಣುವ ಹಾಗೆ ನಗುತ್ತಾ. "ಯಾವ ಕಾರಣಕ್ಕೂ ಇದನ್ನ ನೀರಿಂದ ಹೊರಗೆ ತೆಗೀಬೇಡ. ಗಾಳಿ ಬಡಿದ್ರೆ ಒಳಗಿನ ಜೀವ ಸಾಯುತ್ತೆ."

ಹಲ್ಲಣ್ಣ ಆ ಮಾತನ್ನು ಗಂಟು ಕಟ್ಟಿಕೊಂಡ.

ಆಮೇಲೆ ಶುರುವಾಯಿತು ಕಾಯುವ ಕೆಲಸ. ಕಲ್ಲಿಟ್ಟ ಮೇಲೆ ಐದಾರು ವಾರ ಮೀನು ಬಿಡಬಾರದು. ದಿನಾ ಬೆಳಿಗ್ಗೆ ಅವನು ಗಾಜಿನ ಕೊಳವೆಯಲ್ಲಿ ಒಂಚೂರು ನೀರು ತೆಗೆದು, ಪರೀಕ್ಷೆಯ ಹನಿ ಹಾಕಿ, ಬಣ್ಣದ ಚೀಟಿಯ ಪಕ್ಕ ಹಿಡಿಯುತ್ತಿದ್ದ. ವಿಷವಿದ್ದರೆ ಹಸಿರು, ಇಲ್ಲದಿದ್ದರೆ ಹಳದಿ. ಹಲ್ಲಿನ ಬಿಳಿಯಲ್ಲೇ ಹದಿನಾರು ಬಗೆ ಗುರುತಿಸುವ ಕಣ್ಣಿಗೆ ಇದೇನು ಮಹಾ? ಹಳದಿ. ಮಾರನೇ ದಿನವೂ ಹಳದಿ. ಮೂರು ವಾರವಾದರೂ ಹಳದಿ. ಆದರೆ ಪರೀಕ್ಷೆಯ ಹನಿಯ ಪೊಟ್ಟಣದೊಳಗಿನ ಕಾಗದದಲ್ಲಿ, ಮೊದಲು ಹಸಿರೇರಿ ಆಮೇಲೆ ಹಳದಿಗೆ ಇಳಿಯಬೇಕು, ಆಗಲೇ ತೊಟ್ಟಿ ಹದಕ್ಕೆ ಬಂದ ಹಾಗೆ ಅಂತ ಬರೆದಿತ್ತು. ಬೆಂಚಿನ ಮೇಲೆ ಕೂತು ಕ್ಯಾಪ್ಟನ್ನನನ್ನು ಕೇಳಿದ.

"ಅದು ಸತ್ತ ಕಲ್ಲು ಇಡೋರಿಗೆ ಬರೆದಿರೋದು" ಅಂದ ಕ್ಯಾಪ್ಟನ್, ಟೀ ಊದುತ್ತಾ. "ನಿಂದು ಮೊದಲನೇ ದರ್ಜೆ ಕಲ್ಲು. ವಿಷ ಹುಟ್ಟೋಕೂ ಬಿಡಲ್ಲ, ತಿಂದು ಹಾಕುತ್ತೆ. ಹಳದಿ ಅಂದ್ರೆ ಶುದ್ಧ ಕಣೋ. ಖುಷಿಪಡು."

ಹಲ್ಲಣ್ಣ ಖುಷಿಪಟ್ಟ. ಅವನ ಕಸುಬಿನಲ್ಲಿ ಶುದ್ಧ ಅಂದರೆ ಗೆದ್ದ ಹಾಗೆ. ಅಚ್ಚಿನಲ್ಲಿ ಒಂದು ಗುಳ್ಳೆ ಬರಬಾರದು, ಮೇಣದಲ್ಲಿ ಒಂದು ಕಣ ಧೂಳಿರಬಾರದು. ಏನೂ ಆಗದೆ ಇರುವುದೇ ಒಳ್ಳೆಯದಾಗಿರುವುದು ಅಂತ ಮೂವತ್ತೊಂದು ವರ್ಷ ನಂಬಿ ಬಂದವನು ಅವನು. ಸಂಜೆ ಸ್ಟೂಲು ಹಾಕಿಕೊಂಡು ಬರೀ ನೀರು, ಮರಳು, ಕಲ್ಲನ್ನು ನೋಡುತ್ತಾ ಕೂರುತ್ತಿದ್ದ. "ಏನಾದ್ರೂ ಅಲ್ಲಾಡಿದ್ರೆ ನನ್ನೂ ಕರೀರಿ" ಅನ್ನುತ್ತಿದ್ದಳು ಹೆಂಡತಿ, ಸೂಜಿಗೆ ದಾರ ಪೋಣಿಸಲು ಬಲ್ಬಿನ ಹತ್ತಿರ ಕೈ ಎತ್ತಿ ಹಿಡಿದು.

ಕಲ್ಲಿಟ್ಟ ಆರನೇ ವಾರ ಎರಡು ಕಿತ್ತಳೆ ಮೀನು ಬಂದವು. "ಕ್ಲೌನ್ ಮೀನು. ನಮ್ಮ ಮಾತಲ್ಲಿ ಕೋಡಂಗಿ ಅನ್ನು" ಅಂದ ಕ್ಯಾಪ್ಟನ್. ಚೀಲದ ನೀರಿಗೆ ತೊಟ್ಟಿಯ ನೀರನ್ನು ಹನಿಹನಿಯಾಗಿ ಬೆರೆಸಿ, ಎರಡು ಗಂಟೆ ಒಗ್ಗಿಸಿ, ಒಳಗೆ ಬಿಟ್ಟರು. ದೊಡ್ಡದು ಸೀದಾ ಹೋಗಿ ಕಲ್ಲಿನ ತೂತಿನಲ್ಲಿ ಮೂತಿ ತೂರಿಸಿತು. ಸಣ್ಣದು ಅದರ ಹಿಂದೆ ಸೊಂಟ ಅಲ್ಲಾಡಿಸಿಕೊಂಡು ಓಡಿತು. ಹೆಂಡತಿ ಒಲೆ ಆರಿಸಿ ಬಂದು ನಿಂತಳು. ಅತ್ತೆ ಎದ್ದು ಕೂತು, ಲೋಟದಿಂದ ಹಲ್ಲು ತೆಗೆದು ಹಾಕಿಕೊಂಡು, "ಈಗ ನಗಬಹುದು" ಅಂತ ನಕ್ಕರು. ಅವತ್ತಿನ ಹಾಗೆ ಆ ಮನೆ ಯಾವತ್ತೂ ಇರಲಿಲ್ಲ.

ಮೂರನೇ ದಿನ ಕೊಳವೆಯ ನೀರು ಹಸಿರಾಯಿತು. ನಾಲ್ಕನೇ ದಿನ ಕಡುಹಸಿರು. ಮೀನುಗಳು ನೀರಿನ ಮೇಲುಗಡೆ ಬಾಯಿ ಬಡಿಯತೊಡಗಿದವು. ಹಲ್ಲಣ್ಣ ನೀರು ಬದಲಿಸಿದ, ಇನ್ನೊಂದು ಪಂಪು ತಂದ, ಕ್ಯಾಪ್ಟನ್ನನನ್ನು ಕರೆಸಿದ. ಐದನೇ ದಿನ ಸಣ್ಣದು ಮಗ್ಗುಲಾಗಿ ಬಿದ್ದಿತ್ತು. ಸಂಜೆಗೆ ದೊಡ್ಡದೂ.

ಕ್ಯಾಪ್ಟನ್ ತೊಟ್ಟಿಯ ಸುತ್ತ ಕಣ್ಣಾಡಿಸಿ, ಆಮೇಲೆ ಗೆಳೆಯನ ಕೈ ಹಿಡಿದು ಅವನದೇ ಮೂಗಿನ ಹತ್ತಿರ ತಂದ. "ನೋಡು. ಇದೇ. ಆ ನಿನ್ನ ಒಸಡಿನ ಪುಡಿ ಕಲಸೋ ದ್ರವದ ವಾಸನೆ. ಮೂವತ್ತು ವರ್ಷದಿಂದ ಚರ್ಮದೊಳಗೆ ಇಳಿದಿದೆ. ಮೀನಿಗೆ ಇದು ವಿಷ ಕಣೋ. ನಾನು ಮೊದಲೇ ಹೇಳಬೇಕಿತ್ತು, ನಿನಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ."

ಹಲ್ಲಣ್ಣನ ಮುಖ ಸುಣ್ಣದ ಹಾಗಾಯಿತು. ಅನ್ನ ಕೊಟ್ಟ ಕೈ. ಅದೇ ಕೈ ಕೊಂದಿದೆ.

ಅವತ್ತಿನಿಂದ ಅವನು ತೊಟ್ಟಿಯ ಹತ್ತಿರ ಬಂದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಕೆಲಸದಿಂದ ಬಂದು ಮೊಣಕೈವರೆಗೆ ಸೋಪು ಹಾಕಿ, ಚರ್ಮ ಕೆಂಪಾಗುವವರೆಗೆ ಉಜ್ಜುತ್ತಿದ್ದ. ತಟ್ಟೆಗೆ ಬಡಿಸುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದ. ಇನ್ನೊಂದು ಜೋಡಿ ಮೀನು ತಂದಾಗ ಎಲ್ಲವನ್ನೂ ಹೆಂಡತಿಯೇ ಮಾಡಿದಳು. ಅವನು ಬಾಗಿಲ ಹತ್ತಿರ ನಿಂತು, "ಹಾಂ, ಹಾಗೇ, ನಿಧಾನ" ಅಂತ ಬಾಯಲ್ಲಿ ಹೇಳಿದ, ಅಷ್ಟೇ. ಅವೂ ಆರನೇ ದಿನಕ್ಕೆ ಸತ್ತವು.

"ರೀ, ಈ ಸಲ ನೀವು ಮುಟ್ಟೇ ಇಲ್ಲವಲ್ಲ" ಅಂದಳು ಹೆಂಡತಿ.

"ಉಸಿರಲ್ಲೂ ಇರಬಹುದು."

"ಹಾಗಾದ್ರೆ ನಾನು, ಅಮ್ಮ ಇಷ್ಟೊತ್ತಿಗೆ ಫೋಟೋ ಆಗಿ ಗೋಡೆ ಮೇಲಿರಬೇಕಿತ್ತು."

ಅವನು ನಗಲಿಲ್ಲ. ಮೂರು ತಿಂಗಳು ಮುಗಿಯಲು ಇನ್ನು ಹನ್ನೆರಡು ದಿನ ಉಳಿದಿತ್ತು. ಯೋಚಿಸಿ ಯೋಚಿಸಿ ಅವನಿಗೆ ಹೊಳೆದದ್ದು ಇಷ್ಟು: ಸಣ್ಣ ತೊಟ್ಟಿಗೆ ಈ ಕಲ್ಲು ದೊಡ್ಡದಾಯಿತು, ಅದರ ಹಿಂದೆ ನೀರು ನಿಂತು ಕೊಳೆಯುತ್ತಿದೆ. ಎರಡು ತುಂಡು ಮಾಡಿ ನಡುವೆ ನೀರು ಹರಿಯಲು ಬಿಟ್ಟರೆ? ಹೊರಗೆ ತೆಗೆಯಬೇಡ ಅಂದಿದ್ದ ಕ್ಯಾಪ್ಟನ್. ಆದರೆ ಒಳಗೆ ಸಾಯಲು ಇನ್ನೇನು ಉಳಿದಿದೆ? ಕಲ್ಲನ್ನು ಉಪ್ಪುನೀರಿನ ಬಕೆಟ್ಟಿನಲ್ಲಿ ಮುಳುಗಿಸಿಕೊಂಡು, ಬೆಳಿಗ್ಗೆ ಕೆಲಸದ ಕೋಣೆಗೆ ಒಯ್ದ. ಸೆಟ್ಟು ಉಜ್ಜುವ ಮೋಟರಿಗೆ ಕತ್ತರಿಸುವ ಬಿಲ್ಲೆ ಹಾಕಿ, ಕಲ್ಲನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, "ಕ್ಷಮಿಸಪ್ಪಾ" ಅಂತ ಅದಕ್ಕೊಂದು ಮಾತು ಹೇಳಿ, ಬಿಲ್ಲೆ ತಾಗಿಸಿದ.

ವಾಸನೆ ಎದ್ದಿತು.

ಸಮುದ್ರದ್ದಲ್ಲ. ಪಾಚಿಯದ್ದಲ್ಲ. ಮೂವತ್ತೊಂದು ವರ್ಷದಿಂದ ಅವನ ಅಂಗಿಯಲ್ಲಿ, ಊಟದಲ್ಲಿ, ತಲೆದಿಂಬಿನಲ್ಲಿ ಇದ್ದ ವಾಸನೆ. ಒಸಡಿನ ಬಣ್ಣದ ಪ್ಲಾಸ್ಟಿಕ್ಕು ಬಿಸಿಯಾದಾಗ ಬರುವ ಸಿಹಿ ಕಮಟು.

ತನ್ನ ಕೈಯದೇ ಅಂತ ಮೊದಲು ಅಂದುಕೊಂಡ. ಮೋಟರು ನಿಲ್ಲಿಸಿ, ಕೈ ತೊಳೆದು ಬಂದು, ಮತ್ತೆ ತಾಗಿಸಿದ. ಅದೇ ವಾಸನೆ. ಕಣ್ಣಿಗೆ ಭೂತಗನ್ನಡಿ ಏರಿಸಿ ಕತ್ತರಿಸಿದ ಅಂಚನ್ನು ದೀಪದ ಕೆಳಗೆ ಹಿಡಿದ. ಒಳಗೆಲ್ಲ ಸಿಮೆಂಟು, ಮರಳು. ಮೇಲೆ ಉಗುರಿನಷ್ಟು ದಪ್ಪದ ಗುಲಾಬಿ ಪದರ. ಆ ಪದರದೊಳಗೆ, ಕೂದಲಿಗಿಂತ ಸಣ್ಣ ಕೆಂಪು ಎಳೆಗಳು.

ಆ ಎಳೆಗಳನ್ನು ಬೇರೆ ಯಾರು ನೋಡಿದ್ದರೂ ಸಮುದ್ರದ್ದೇ ಏನೋ ಅಂದುಕೊಳ್ಳುತ್ತಿದ್ದರು. ಹಲ್ಲಣ್ಣನಿಗೆ ಅವುಗಳ ಗುರುತಿತ್ತು. ಒಸಡಿನ ಪುಡಿಯಲ್ಲಿ ಆ ಕೆಂಪು ಎಳೆ ಬೆರೆಸುವುದು, ನಿಜವಾದ ಒಸಡಿನ ರಕ್ತನಾಳದ ಹಾಗೆ ಕಾಣಲಿ ಅಂತ. ವರ್ಷದ ಹಿಂದೆ ಬಣ್ಣ ಒಂಚೂರು ಗಾಢವಾಯಿತೆಂದು ಡಾಕ್ಟರು ಬೇಡವೆಂದ ಎರಡು ಡಬ್ಬಿ ಪುಡಿ, ಒಂದು ಬಾಟಲಿ ದ್ರವವನ್ನು ಅವನೇ ಕೊಟ್ಟಿದ್ದ. "ಅಂಗಡಿ ತೊಟ್ಟಿಗೆ ಒಂದು ಗೊಂಬೆ ಕೋಟೆ ಮಾಡ್ತೀನಿ, ಕೊಡು" ಅಂತ ಕೇಳಿದವನು ಕ್ಯಾಪ್ಟನ್. ಪುಡಿ ಹೇಗೆ ಕಲಸಬೇಕು, ಎಷ್ಟು ಹೊತ್ತಿಗೆ ಗಟ್ಟಿಯಾಗುತ್ತದೆ ಅಂತ ಇದೇ ಮೇಜಿನ ಮುಂದೆ ಕೂರಿಸಿಕೊಂಡು ಕಲಿಸಿದ್ದವನು ತಾನು. ಅಷ್ಟು ವಾರ ನೀರು ಹಳದಿಯಾಗೇ ಇದ್ದದ್ದು, ಕಲ್ಲೊಳಗೆ ಸಾಯಲೂ ಒಂದು ಜೀವವಿರಲಿಲ್ಲ ಅಂತ. ಒಡೆದ ಚಿಪ್ಪನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದ. ಎಲ್ಲೋ ಒಂದು ತಪ್ಪಿರಬೇಕು ಅಂತ ಕಲಿಸಿದವನೂ ತಾನೇ.

ಮೇಲೆ ಯಾರೋ ಮೆಟ್ಟಿಲು ಹತ್ತಿದರು. ಮೇಜಿನ ಮೇಲೆ ಸುಣ್ಣ ಉದುರಿತು. ಅವನು ಒರೆಸಲಿಲ್ಲ.

ಓಡಿಹೋಗಿ ಕೇಳಲಿಲ್ಲ ಅವನು. ಎರಡು ಸಂಜೆ ಟೀಗೂ ಹೋಗಲಿಲ್ಲ. ಮೂರನೇ ದಿನ ಮಧ್ಯಾಹ್ನ ಕ್ಯಾಪ್ಟನ್ನೇ ಬಂದ. ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದ, ಇನ್ನೊಂದು ಕೈಯಲ್ಲಿ ಪೊಟ್ಟಣ.

"ಮುಖ ತೊಳೆಯುವಾಗ ಜಾರಿ ಬಿತ್ತು ಕಣೋ. ಮೇಲಿನದು ಸೀಳಿದೆ. ಬೇಗ ಕೂಡಿಸಿಕೊಡು, ಅಂಗಡಿ ತೆರೆದಿಟ್ಟು ಬಂದಿದೀನಿ." ಹಲ್ಲಿಲ್ಲದ ಬಾಯಿಂದ ಮಾತು ಅರ್ಧ ಗಾಳಿಯಾಗಿ ಬಂತು. "ಯಾಕೆ, ಟೀಗೆ ಬರಲೇ ಇಲ್ಲ? ಮೀನಿನ ಚಿಂತೇನಾ? ಹೋಗ್ಲಿ ಬಿಡು, ಎಲ್ಲರ ಕೈಗೂ ಅದು ಒಲಿಯಲ್ಲ."

ಹಲ್ಲಣ್ಣ ಸೆಟ್ಟನ್ನು ತಗೊಂಡು ಮೇಜಿನ ಮೇಲಿಟ್ಟ. ಅದರ ಪಕ್ಕದಲ್ಲಿ, ಒದ್ದೆ ಬಟ್ಟೆ ಸರಿಸಿ, ಎರಡು ಹೋಳಾದ ಕಲ್ಲನ್ನಿಟ್ಟ. ಒಸಡಿನ ಗುಲಾಬಿಯೂ ಕಲ್ಲಿನ ಗುಲಾಬಿಯೂ ಒಂದರ ಪಕ್ಕ ಒಂದು, ಅಣ್ಣತಮ್ಮಂದಿರ ಹಾಗೆ ಕೂತವು.

ಕ್ಯಾಪ್ಟನ್ ನೋಡಿದ. ಕರವಸ್ತ್ರ ಕೆಳಗಿಳಿಯಿತು. ಕುಗ್ಗಿದ ಕೆನ್ನೆಯ ಅವನ ಮುಖವನ್ನು ಆರು ವರ್ಷದಲ್ಲಿ ಹಲ್ಲಣ್ಣ ಮೊದಲ ಸಲ ನೋಡುತ್ತಿದ್ದ.

"ನಿಜವಾದ ಕಲ್ಲು ಸಿಗಲಿಲ್ಲ ಕಣೋ" ಅಂದ ಕ್ಯಾಪ್ಟನ್. "ತರಿಸ್ಕೊಡೋನು ಕೈ ಎತ್ತಿಬಿಟ್ಟ. ನೀನು ದಿನಾ ಬಂದು ಬಂತಾ ಬಂತಾ ಅಂತಿದ್ದೆ. ಆ ಮುಖ ನೋಡಿ ಇಲ್ಲ ಅನ್ನೋಕೆ ಆಗಲಿಲ್ಲ."

"ನಿಜ ಹೇಳು. ನನಗೊಬ್ಬನಿಗೇನಾ?"

ಕ್ಯಾಪ್ಟನ್ ಸ್ಟೂಲಿನ ಕಾಲು ನೋಡಿದ.

"ಎಷ್ಟು ಜನಕ್ಕೆ?"

"ಇನ್ನು ನಾಲ್ಕು. ಆದ್ರೆ ಮೊದಲು ನಿನಗೇ ಕೊಟ್ಟಿದ್ದು."

"ಯಾಕೆ?"

"ನಿನ್ನ ಕಣ್ಣಿಗೆ ಗೊತ್ತಾಗಲಿಲ್ಲ ಅಂದ್ರೆ ಇನ್ಯಾರ ಕಣ್ಣಿಗೂ ಗೊತ್ತಾಗಲ್ಲ ಅಂತ."

ಹೊರಗೆ ಕ್ಲಿನಿಕ್ಕಿನಲ್ಲಿ ಯಾರನ್ನೋ ಹೆಸರು ಹಿಡಿದು ಕರೆದರು. ಹಲ್ಲಣ್ಣ ಇನ್ನೊಂದೇ ಒಂದು ಪ್ರಶ್ನೆ ಕೇಳಿದ. "ಕಲ್ಲು ಹೋಗಲಿ. ನನ್ನ ಕೈ ವಿಷ ಅಂತ ಯಾಕೆ ಹೇಳಿದೆ?"

"ಏನಾದ್ರೂ ಒಂದು ಹೇಳಬೇಕಿತ್ತಲ್ಲೋ" ಅಂದ ಕ್ಯಾಪ್ಟನ್.

ಅಷ್ಟೇ. ಏನಾದರೂ ಒಂದು. ಬಾಯಿಗೆ ಮೊದಲು ಬಂದದ್ದು. ಮೂರು ವಾರ ಚರ್ಮ ಸುಲಿಯುವ ಹಾಗೆ ಉಜ್ಜಿಕೊಂಡ ಕೈಗಳನ್ನು ಹಲ್ಲಣ್ಣ ಮೇಜಿನ ಮೇಲೆ ಬಿಡಿಸಿಟ್ಟು ನೋಡಿಕೊಂಡ.

"ಕೂತಿರು. ಒಂದು ಗಂಟೆ ಆಗುತ್ತೆ" ಅಂದ.

ಮೋಟರು ಹಾಕಿ ಸೀಳಿನ ಎರಡೂ ಬದಿ ಉಜ್ಜಿ, ಪುಡಿ, ದ್ರವ ಕಲಸಿ, ಬೆಸೆದ. ಉಸಿರು ಬಿಗಿಹಿಡಿದು ಮಾಡಿದ. ಅವನ ಕೈಗೆ ಕೆಟ್ಟ ಕೆಲಸ ಬರುತ್ತಿರಲಿಲ್ಲ, ಅವತ್ತೂ ಬರಲಿಲ್ಲ. ಆಮೇಲೆ ಎಡಗಡೆಯ ಎರಡನೇ ಹಲ್ಲಿನ ಬುಡಕ್ಕೆ ಮೊನೆ ಹಾಕಿ, ಸುತ್ತಲೂ ಸಡಿಲಿಸಿ, ಅದನ್ನು ಕಿತ್ತ. ಪೆಟ್ಟಿಗೆಯಿಂದ ಅದೇ ಬಿಳಿಯ, ಅದೇ ಅಳತೆಯ ಹೊಸ ಹಲ್ಲು ತೆಗೆದು, ಪಕ್ಕದವುಗಳ ಸಾಲಿನಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದ ಹಾಗೆ ನೇರವಾಗಿ ಕೂರಿಸಿದ. ಬಿಸಿನೀರಲ್ಲಿಟ್ಟು ಗಟ್ಟಿ ಮಾಡಿ, ಮಿರಮಿರ ಮಿಂಚುವವರೆಗೆ ಹೊಳಪು ಕೊಟ್ಟ.

ಕ್ಯಾಪ್ಟನ್ ಸೆಟ್ಟು ಹಾಕಿಕೊಂಡು ಕನ್ನಡಿ ನೋಡಿದ. ಒಮ್ಮೆ ನಕ್ಕ. ನಗು ಅರ್ಧಕ್ಕೇ ನಿಂತಿತು. ಬಾಯಿ ತುಂಬ ಪರೇಡು.

"ಇದೇನೋ ಇದು? ಕಟ್ಟಿಸಿದ ಹಲ್ಲು ಅಂತ ಎದ್ದು ಕಾಣುತ್ತಲ್ಲೋ!"

"ಕಟ್ಟಿಸಿದ್ದೇ ಅಲ್ವಾ?"

"ಮೊದಲಿನ ಥರ ಮಾಡಿಕೊಡು ಮಾರಾಯ. ಆ ಹಲ್ಲು ಒಂಚೂರು ತಿರುಗಿಸು, ಎರಡು ನಿಮಿಷದ ಕೆಲಸ ನಿನಗೆ."

"ಆ ತಪ್ಪು ಡಾಕ್ಟರು ಬರೆದುಕೊಟ್ಟಿದ್ದಲ್ಲ" ಅಂದ ಹಲ್ಲಣ್ಣ, ಮೇಜಿನ ಪುಡಿ ಒರೆಸುತ್ತಾ. "ನಾನಾಗಿ ಹಾಕಿದ್ದು. ಗೆಳೆಯ ಅಂತ. ಆ ನಾಲ್ಕು ಮನೆಗೂ ಹೋಗಿ ಕಲ್ಲು ವಾಪಸ್ ತಗೊಂಡು ಬಾ. ಇಲ್ಲಾಂದ್ರೆ ನಾನೇ ಹೋಗಿ ಹೇಳ್ತೀನಿ. ಬಾಗಿಲು ಎಳ್ಕೊಂಡು ಹೋಗು, ಧೂಳು ಬರುತ್ತೆ."

ಕ್ಯಾಪ್ಟನ್ ಕರವಸ್ತ್ರವನ್ನು ಮತ್ತೆ ಬಾಯಿಗೆ ಒತ್ತಿಕೊಂಡೇ ಬೀದಿಗಿಳಿದ.

ಸಂಜೆ ಮನೆಗೆ ಬಂದ ಹಲ್ಲಣ್ಣ ಕೈ ತೊಳೆಯಲಿಲ್ಲ. ಸೀದಾ ತೊಟ್ಟಿಯ ಮುಂದೆ ನಿಂತು, ಮಗ್ಗಿನಿಂದ ನೀರು ಮೊಗೆದು ಬಕೆಟ್ಟಿಗೆ ಸುರಿಯತೊಡಗಿದ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಎರಡು ಬಕೆಟ್ ಆಗುವಷ್ಟರಲ್ಲಿ ನಡೆದದ್ದನ್ನೆಲ್ಲ ಹೇಳಿ ಮುಗಿಸಿದ. ಅವಳು ಕ್ಯಾಪ್ಟನ್ನನಿಗೆ ಒಂದೇ ಒಂದು ಬೈಗುಳ ಬೈದಳು. ಅದು ಇಲ್ಲಿ ಬರೆಯುವಂಥದ್ದಲ್ಲ.

"ಇನ್ನೂ ಒಂಬತ್ತು ದಿನ ಇದೆ ರೀ" ಅಂದಳು ಆಮೇಲೆ. "ಬೇರೆ ಅಂಗಡೀಲಿ ನಿಜವಾದ ಕಲ್ಲು ಕೇಳಿ ನೋಡಿ. ಯೂನಿಫಾರಂ ನಾನು ಹೇಗೋ ಬಲ್ಬಲ್ಲೇ..."

"ಬೇಡ. ಯಾರನ್ನ ಕೇಳಲಿ? ಅವರು ಕೊಟ್ಟಿದ್ದು ನಿಜ ಅಂತ ಹೇಗೆ ನಂಬಲಿ?" ಮಗ್ಗು ಕೆಳಗಿಟ್ಟು, ಎರಡೂ ಕೈಯನ್ನು ಅವಳ ಮುಂದೆ ಚಾಚಿದ. "ನೀನು ಹೇಳು. ವಾಸನೆ ಬರುತ್ತಾ?"

ಅವಳು ಬಗ್ಗಿ ಮೂಸಿದಳು. "ಬರುತ್ತೆ. ಮದುವೆ ದಿನದಿಂದ ಬರುತ್ತೆ. ನಾನು ಸತ್ತೆನಾ?"

ಅತ್ತೆ ಹಲ್ಲಿಲ್ಲದ ಬಾಯಲ್ಲೇ ನಕ್ಕುಬಿಟ್ಟರು. ಹಲ್ಲಣ್ಣ ನಗಲು ಹೋದ, ಆಗಲಿಲ್ಲ. ಗಂಡ ಹೆಂಡತಿ ಸೇರಿ ತೊಟ್ಟಿ ಇಳಿಸಿದರು, ಕಿಟಕಿಯ ಬಟ್ಟೆ ಬಿಚ್ಚಿದರು, ಮಿಷನ್ನನ್ನು ಒಂದೊಂದು ಕಡೆ ಹಿಡಿದು ತಂದು ಅದರ ಮೂಲೆಯಲ್ಲಿಟ್ಟರು. ತೊಟ್ಟಿ ಮಂಚದ ಕೆಳಗೆ ಹೋಯಿತು. ಕಿಟಕಿಯ ಕಟ್ಟೆಯ ಮೇಲೆ ಅಂಟಿದ ಉಪ್ಪನ್ನು ಹೆಂಡತಿ ನಾಲ್ಕು ದಿನ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಒರೆಸಿದ ಜಾಗದಲ್ಲಿ ಬೆಳಿಗ್ಗೆ ಮತ್ತೆ ಬೆಳ್ಳಗೆ ಏಳುತ್ತಿತ್ತು.

ವಾರವಾದ ಮೇಲೆ ಹಲ್ಲಣ್ಣ ಟೀ ಅಂಗಡಿಗೆ ಹೋದ. ಟೀ ಅಂಗಡಿಯವನು ಅಭ್ಯಾಸಬಲದಿಂದ ಎರಡು ಗ್ಲಾಸು ಇಟ್ಟ.

"ಒಂದು ಸಾಕು" ಅಂದ ಹಲ್ಲಣ್ಣ.

ಅವನು ಒಂದು ಗ್ಲಾಸು ವಾಪಸ್ಸು ತೆಗೆದು, ಟೀ ಸುರಿದು, ಬೀದಿಯ ಕೊನೆಯ ಕಡೆ ಕಣ್ಣು ಹಾಯಿಸಿ, ಗುಟ್ಟಿನ ದನಿಯಲ್ಲಿ ಕೇಳಿದ: "ಅಣ್ಣಾ, ಕ್ಯಾಪ್ಟನ್ ಹಲ್ಲು ಕಟ್ಟಿಸಿಕೊಂಡ್ರಲ್ಲ, ನಿಮ್ಮ ಹತ್ರಾನೇನಾ? ಯಾವಾಗ?"

"ಆರು ವರ್ಷ ಆಯ್ತು" ಅಂದ ಹಲ್ಲಣ್ಣ.